ತಿಳಿನೀರೆಂದರೆ ಒಳ್ಳೆ ನೀರೇ?

ಪ್ರಶ್ನೆ: ಅಡಿಕೆ ತೋಟದ ಕೆಳಗೆ ನಮ್ಮದೊಂದು ಸಣ್ಣ ಹಳ್ಳವಿದೆ. ನೀರು ತಿಳಿಯಾಗಿದೆ, ವಾಸನೆಯಿಲ್ಲ. ಆದರೂ ಏಡಿ, ಮೀನು ಕಡಿಮೆಯಾಗಿವೆ. ಹಳ್ಳ ಚೆನ್ನಾಗಿದೆಯಾ ಅಂತ ತಿಳಿಯೋದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀರನ್ನು ನೋಡಬೇಡಿ, ಕಲ್ಲು ಮಗುಚಿ ನೋಡಿ. ನಾನಂತೂ ಮೊದಲು ಮಾಡೋದು ಅದೇ. ನೀರು ಜುಳುಜುಳು ಹರಿಯುವ ಕಡೆಯ ಅಂಗೈ ಅಗಲದ ಕಲ್ಲು ಸಾಕು. ಅಡಿಯಲ್ಲಿ ಚಪ್ಪಟೆ ಮೈಯ, ಸಾಮಾನ್ಯವಾಗಿ ಮೂರು ಬಾಲದ ಹುಳು ಸರಸರ ಓಡಿದರೆ ಅದು ಮೇಫ್ಲೈ ಎಂಬ ಕೀಟದ ಮರಿ. ಹೊಟ್ಟೆಯ ಪಕ್ಕದಲ್ಲಿ ಕಿವಿರುಗಳು ಪಟಪಟ ಆಡುತ್ತಿರುತ್ತವೆ. ಮರಳಿನ ಕಣ ಅಂಟಿಸಿಕೊಂಡ ಪುಟ್ಟ ಕೊಳವೆ ಕಂಡರೆ ಅದು ಕ್ಯಾಡಿಸ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿಯ ಮನೆ. ಇವು ಬಗೆಬಗೆಯವು ಸಿಕ್ಕಿದರೆ ಖುಷಿಪಡಿ, ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ಬರೀ ಕೆಂಪು ಹುಳುಗಳೇ ಇದ್ದರೆ ಅನುಮಾನಪಡಿ. ಅವುಗಳ ಮೈಯಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಇರುವುದರಿಂದ ಕೊಳೆತ ಕೆಸರಲ್ಲೂ ಬದುಕುತ್ತವೆ.

ತೋಟದ ಮೇಲೊಂದು ಕಡೆ, ಕೆಳಗೊಂದು ಕಡೆ ನೋಡಿ ಹೋಲಿಸಿ. ಕೆಳಗೆ ಮಾತ್ರ ಹುಳು ಕಡಿಮೆಯಿದ್ದರೆ ನನ್ನ ಮೊದಲ ಅನುಮಾನ ಬೋರ್ಡೋ ದ್ರಾವಣದ ಮೇಲೆ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಔಷಧಿಯ ಮೇಲೆ. ಅಡಿಕೆಕಾಯಿ ಕೊಳೆಯುವ ಕೊಳೆರೋಗಕ್ಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಮೈಲುತುತ್ತದ ತಾಮ್ರ ನೀರಿನ ಜೀವಿಗಳಿಗೆ ವಿಷ, ನೀರು ತಿಳಿಯಾಗಿ ಕಂಡರೂ ಅಷ್ಟೇ. ಡ್ರಮ್ಮು, ಪಂಪು ಹಳ್ಳದಲ್ಲಿ ತೊಳೆಯುವುದನ್ನು ಮೊದಲು ನಿಲ್ಲಿಸಿ.

ಮಳೆಗಾಲದಲ್ಲಿ ನೋಡಬೇಡಿ, ನೆರೆ ಹುಳುಗಳನ್ನೂ ಕೊಚ್ಚಿಕೊಂಡು ಹೋಗಿರುತ್ತದೆ. ಡಿಸೆಂಬರ್ ಒಳ್ಳೆಯದು. ಹಾಂ, ಕುಡಿಯುವುದಾದರೆ ಹುಳು ನೋಡಿ ಸುಮ್ನೆ ನಂಬಬೇಡಿ. ನೀರಿಗೆ ಮಲ ಸೇರಿದೆಯೇ ಎಂದು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಪರೀಕ್ಷೆ ಲ್ಯಾಬಿನಲ್ಲೇ ಆಗಬೇಕು.