ಗ್ರಾವೆಲ್ ಬೈಕ್ ತಗೊಂಡಿದ್ದೀರಾ? ಹೇಮಾವತಿ ಹಿಡಿದು ಇಳಿಯಿರಿ

ನಿಮ್ಮ ಪ್ರಶ್ನೆ ಇಷ್ಟು: ಇರುವುದು ಬೆಂಗಳೂರಿನಲ್ಲಿ, ಹೊಸ ಗ್ರಾವೆಲ್ ಬೈಕ್ (ಮಣ್ಣು, ಗರಸು ದಾರಿಗೂ ಆಗುವ ದಪ್ಪ ಟೈರಿನ ಸೈಕಲ್) ಬಂದಿದೆ, ಮೂರು ದಿನ ರಜೆ ಇದೆ. ಹೊಳೆ, ಕಾಡು, ಗುಡ್ಡ ಮೂರೂ ಸಿಗುವ ಮಣ್ಣಿನ ದಾರಿ ಬೇಕು. ಕುದುರೆಮುಖ ಅಥವಾ ಭದ್ರಾ ಕಾಡಿನ ಒಳಗೆ ಹೋಗಬಹುದಾ ಅಂತಲೂ ಕೇಳಿದ್ದೀರಿ.

ಕಾಡಿನ ಒಳಗೆ ಬೇಡ. ಮ್ಯಾಪ್‌ನಲ್ಲಿ ಸಣ್ಣ ಗೆರೆ ಕಾಣುತ್ತದೆ, ಸ್ಯಾಟಲೈಟ್ ಚಿತ್ರದಲ್ಲಿ ಕೆಂಪು ದಾರಿ ಎಷ್ಟು ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಅದು ಇಲಾಖೆಯ ಜೀಪಿಗೆ ಮಾಡಿಕೊಂಡ ದಾರಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಅನುಮತಿ ಇಲ್ಲದೆ ನುಗ್ಗಿದರೆ ಕೇಸು. ಸಾರ್ವಜನಿಕ ರಸ್ತೆ ಇರುವ ಕಡೆ ಹೋಗಬಹುದು, ಆದರೆ ಅದು ಡಾಂಬರು, ಅದಕ್ಕೆ ಗ್ರಾವೆಲ್ ಬೈಕ್ ಯಾಕೆ ಅಲ್ವಾ? ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲು ಹಳಿ ಪಕ್ಕ ಸೈಕಲ್ ಹೊತ್ತುಕೊಂಡು ಹೋಗೋಣ ಅನ್ನುವವರೂ ಇದ್ದಾರೆ. ಅಲ್ಲಿ ಚಾರಣಕ್ಕೇ ನಿಷೇಧ ಇದೆ, ಆ ಯೋಚನೆ ಬಿಡಿ.

ನನ್ನ ಮಟ್ಟಿಗೆ ನಮ್ಮಲ್ಲಿ ಒಳ್ಳೆಯ ಮಣ್ಣಿನ ದಾರಿ ಇರುವುದು ಜನ ದಿನವೂ ಕೆಲಸಕ್ಕೆ ಓಡಾಡುವ ಕಡೆ. ಕಾಫಿ ಎಸ್ಟೇಟ್ ರಸ್ತೆ, ಊರಿಂದ ಊರಿಗೆ ಹೋಗುವ ಕಚ್ಚಾ ರಸ್ತೆ, ನಾಲೆ ಏರಿ. ಈ ಮೂರೂ ಸಾಲಾಗಿ ಸಿಗಬೇಕು ಅಂದರೆ ಹೇಮಾವತಿ ಹೊಳೆ ಹಿಡಿಯಿರಿ. ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟಿ, ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟಿನಲ್ಲಿ ನಿಂತು, ಹೊಳೆನರಸೀಪುರದ ಮೇಲೆ ಹೋಗಿ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುವ ಹೊಳೆ ಅದು, ಸುಮಾರು 245 ಕಿ.ಮೀ. ಉದ್ದ. ಸಕಲೇಶಪುರ 950 ಮೀಟರ್ ಎತ್ತರದ ಹತ್ತಿರ ಇದೆ, ಕೆಆರ್‌ಎಸ್ ನೀರು 750ರ ಆಸುಪಾಸು. ಲೆಕ್ಕಕ್ಕೆ ಇಳಿಜಾರು. ಕಾಲಿಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ, ಮೊದಲ ಎರಡು ದಿನ ಏರುವುದು ಇಳಿಯುವುದು ಇದ್ದೇ ಇರುತ್ತದೆ.

ಮೊದಲ ದಿನ ಸಕಲೇಶಪುರದ ಸುತ್ತಲೇ ಇರಿ. ಹಾನುಬಾಳು, ದೇವಾಲದಕೆರೆ ಕಡೆ ಹೋದರೆ ಮುಖ್ಯ ರಸ್ತೆಯಿಂದ ಎಡಕ್ಕೆ ಬಲಕ್ಕೆ ಒಡೆಯುವ ಎಸ್ಟೇಟ್ ದಾರಿಗಳು ಲೆಕ್ಕವಿಲ್ಲದಷ್ಟು. ಸಿಲ್ವರ್ ಓಕ್ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಒದ್ದೆ ಕೆಂಪು ಮಣ್ಣು, ತಿರುವಿಗೊಂದು ಸಣ್ಣ ಹಳ್ಳ. ಆದರೆ ಇವು ಸ್ವಂತ ಜಾಗ. ಗೇಟಿನಲ್ಲಿ ನಿಂತು ರೈಟರ್ ಎಲ್ಲಿದ್ದಾರೆ ಅಂತ ಕೇಳಿ (ಎಸ್ಟೇಟ್ ಮೇಸ್ತ್ರಿಗಳ ಮೇಲೆ ಇರುವವರು, ಸಾಹುಕಾರ್ರು ಇಲ್ಲದಾಗ ಅವರ ಮಾತೇ ನಡೆಯುತ್ತದೆ), ಎಲ್ಲಿಂದ ಬಂದೆವು, ಯಾವ ಕಡೆ ದಾಟುತ್ತೇವೆ ಅಂತ ಹೇಳಿ. ಬಹಳ ಸಲ ಬಿಡುತ್ತಾರೆ, ಕೆಲವು ಸಲ ಕಾಫಿಯೂ ಸಿಗುತ್ತದೆ. ಬಿಡಲ್ಲ ಅಂದರೆ ವಾದ ಮಾಡದೆ ವಾಪಸ್ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕುಯ್ಯುವ ಕಾಲ, ಆಳುಗಳನ್ನು ತುಂಬಿಕೊಂಡ ಜೀಪು ತಿರುವಿನಲ್ಲಿ ಹಾರ್ನ್ ಇಲ್ಲದೆ ಎದುರಾಗುತ್ತದೆ. ಕಣದಲ್ಲಿ ಕಾಫಿ ಒಣಗಿಸಿರುತ್ತಾರೆ, ಅದರ ಮೇಲೆ ಟೈರ್ ಹತ್ತಿಸಿದಿರೋ, ಆ ಎಸ್ಟೇಟ್ ಇನ್ನು ಯಾವ ಸೈಕಲ್‌ನವರಿಗೂ ಗೇಟ್ ತೆಗೆಯುವುದಿಲ್ಲ.

ಈಗ ಆನೆ ವಿಷಯ. ಇದನ್ನು ಸುಮ್ನೆ ಹೆದರಿಸಲು ಬರೆಯುತ್ತಿಲ್ಲ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಆನೆಗಳು ಇರುವುದೇ ತೋಟದೊಳಗೆ, ಕಾಡಿನ ಗಡಿ ಅನ್ನುವುದು ಅವಕ್ಕೆ ಗೊತ್ತಿಲ್ಲ. ತೋಟದ ಕೆಲಸಕ್ಕೆ ಹೋಗಿ ಸತ್ತವರಿದ್ದಾರೆ. ಸೈಕಲ್‌ಗೆ ಸದ್ದಿಲ್ಲ, ಅದೇ ತೊಂದರೆ. ಆನೆಗೆ ನೀವು ಬರುವುದು ಗೊತ್ತಾಗುವುದಿಲ್ಲ, ತಿರುವು ದಾಟುವವರೆಗೆ ನಿಮಗೂ ಅದು ಕಾಣುವುದಿಲ್ಲ. ಹಾಗಾಗಿ ಬೆಳಗ್ಗೆ 8ಕ್ಕೆ ಮೊದಲು ಹೊರಡಬೇಡಿ, ಸಂಜೆ 4:30ರ ಮೇಲೆ ತೋಟದ ದಾರಿಯಲ್ಲಿ ಇರಬೇಡಿ. ಹೊರಡುವ ಮೊದಲು ಟೀ ಅಂಗಡಿಯಲ್ಲಿ "ಆನೆ ಯಾವ ಕಡೆ ಇದೆ?" ಅಂತ ಕೇಳಿ. ಯಾವ ಆ್ಯಪ್‌ಗಿಂತ ಆ ಉತ್ತರ ಮೇಲು, ಯಾಕೆಂದರೆ ಹೇಳುವವರು ಅದೇ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಆ ಕಡೆ ಹೋಗಬೇಡಿ ಅಂದರೆ ಹೋಗಬೇಡಿ, ನಿಮ್ಮ ರೂಟ್ ಫೈಲ್ ಏನೇ ಹೇಳಲಿ.

ಎರಡನೇ ದಿನ ಕೆಂಚಮ್ಮನ ಹೊಸಕೋಟೆ, ಮಗ್ಗೆ ಕಡೆಯಿಂದ ಗೊರೂರು ಹಿನ್ನೀರಿಗೆ. ಮಲೆನಾಡು ಇಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಕಾಫಿ ಕಡಿಮೆಯಾಗಿ ಶುಂಠಿ, ಜೋಳದ ಹೊಲ ಶುರುವಾಗುತ್ತವೆ, ಗುಡ್ಡಗಳು ತಗ್ಗುತ್ತವೆ. ನನಗೆ ಮೂರೂ ದಿನಗಳಲ್ಲಿ ಇದೇ ಹೆಚ್ಚು ಇಷ್ಟ, ಆದರೂ ಇದರ ಫೋಟೋ ಯಾರೂ ಹಾಕುವುದಿಲ್ಲ. ಗಟ್ಟಿ ಗರಸು ಮಣ್ಣಿನ ರಸ್ತೆ, ವಾಹನ ಇಲ್ಲ, ಒಂದು ದಿಬ್ಬ ಇಳಿದ ವೇಗದಲ್ಲೇ ಮುಂದಿನ ದಿಬ್ಬದ ಅರ್ಧ ಹತ್ತಬಹುದು. ಹೊಸದಾಗಿ ಜಲ್ಲಿ ಸುರಿದು ರೋಲರ್ ಹೊಡೆಯದೆ ಬಿಟ್ಟ ಕಡೆ ಮಾತ್ರ ಇಳಿದು ತಳ್ಳಿ. ಅದಕ್ಕೂ ಗ್ರಾವೆಲ್ ಅನ್ನುವ ಹೆಸರಿಗೂ ಸಂಬಂಧವಿಲ್ಲ.

ಹಿನ್ನೀರಿನ ದಡದಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಇದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಜಾಗ ಮೈದಾನದ ಹಾಗೆ ಕಾಣುತ್ತದೆ. ಹುಲ್ಲು ಬೆಳೆದಿರುವ ಕಡೆ ಆರಾಮಾಗಿ ಓಡಿಸಿ. ಬಿರುಕು ಬಿಟ್ಟ ಕಪ್ಪು ಮಣ್ಣಿನ ಮೇಲೆ ಬೇಡ, ಮೇಲೆ ಒಣಗಿದ್ದರೂ ಒಳಗೆ ಕೆಸರು, ಚಕ್ರ ಹೂತುಹೋಗುತ್ತದೆ.

ಮೂರನೇ ದಿನ ಗೊರೂರಿನಿಂದ ಹೊಳೆನರಸೀಪುರ, ಅಲ್ಲಿಂದ ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ, ಮಂದಗೆರೆ, ಅಕ್ಕಿಹೆಬ್ಬಾಳು. ಇಡೀ ದಿನ ನಾಲೆ ಏರಿ, ಗದ್ದೆ ಬದಿ, ತೆಂಗು, ಕಬ್ಬು. ಆಲೆಮನೆ ಕಂಡರೆ ನಿಲ್ಲಿಸಿ, ಬಿಸಿ ಬೆಲ್ಲ ತಿನ್ನಿ, ಯಾವ ಎನರ್ಜಿ ಜೆಲ್‌ಗೂ ಆ ರುಚಿ ಇಲ್ಲ. ದಾರಿ ಸಮತಟ್ಟು ಅಂತ ಮೈಮರೆಯಬೇಡಿ. ನಾಲೆಗೆ ತಡೆಗೋಡೆ ಇರುವುದಿಲ್ಲ, ಒಳಗಿನ ಕಾಂಕ್ರೀಟ್ ಇಳಿಜಾರು ಪಾಚಿ ಹಿಡಿದು ಜಾರುತ್ತದೆ, ಬಿದ್ದರೆ ಈಜು ಬರುವವರಿಗೂ ಹತ್ತಲು ಆಗುವುದಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೇ ನಾಲೆಗೆ ಬಿದ್ದು 30 ಜನ ಸತ್ತರು. ನೀರಿನಿಂದ ದೂರದ ಗಾಲಿಜಾಡಿನಲ್ಲೇ ಇರಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ನೀವೇ ಇಳಿದು ನಿಲ್ಲಿ.

ಇನ್ನೊಂದು, ಹೊಸಬರಿಗೆ ಯಾರೂ ಹೇಳದ್ದು: ಡಿಸೆಂಬರ್, ಜನವರಿಯಲ್ಲಿ ಬಯಲು ಸೀಮೆ ಊರುಗಳಲ್ಲಿ ರಾಗಿ, ಹುರುಳಿ ಒಕ್ಕಣೆ ರಸ್ತೆ ಮೇಲೇ ನಡೆಯುತ್ತದೆ. ಕಾರು, ಬಸ್ಸು ಹಾದುಹೋಗಲಿ ಅಂತಲೇ ಹರಡಿರುತ್ತಾರೆ. ಸೈಕಲ್‌ಗೆ ಅದು ಆಗದು. ಹುರುಳಿ ಬಳ್ಳಿ ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ಸುತ್ತಿಕೊಂಡು, ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಮುರಿಯಬಹುದು, ಒಂದು ಸ್ಪೇರ್ ಹ್ಯಾಂಗರ್ ಬ್ಯಾಗಿನಲ್ಲಿರಲಿ.

ಟೈರ್ 40 ಮಿ.ಮೀ.ಗಿಂತ ಕಡಿಮೆ ಬೇಡ, 45 ಹಿಡಿದರೆ ಇನ್ನೂ ಒಳ್ಳೆಯದು. ಟ್ಯೂಬ್‌ಲೆಸ್ ಮಾಡಿಸಿಯೇ ಹೊರಡಿ. ಏರಿ ಮೇಲೆ ಜಾಲಿ ಮುಳ್ಳು ಬಿದ್ದಿರುತ್ತದೆ, ಟ್ಯೂಬ್ ಹಾಕಿಕೊಂಡು ಹೋದರೆ ಮೂರನೇ ದಿನ ಪಂಕ್ಚರ್ ಹಾಕುವುದರಲ್ಲೇ ಕಳೆಯುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಸರಿಯಾದ ಕಾಲ. ಮಳೆಗಾಲದಲ್ಲಿ ಎಸ್ಟೇಟ್ ಮಣ್ಣು ಬ್ರೇಕ್‌ಗೆ ಅಂಟುತ್ತದೆ, ಜತೆಗೆ ಇಂಬಳ (ಜಿಗಣೆ). ಸುಣ್ಣ, ಹೊಗೆಸೊಪ್ಪು ಕಟ್ಟಿಕೊಂಡು ಹೋಗುವ ಹುಮ್ಮಸ್ಸಿದ್ದರೆ ನಿಮ್ಮಿಷ್ಟ.

ಹೋಗುವಾಗ ಬೆಂಗಳೂರು–ಮಂಗಳೂರು ಮಾರ್ಗದ ರೈಲಿನಲ್ಲಿ ಸಕಲೇಶಪುರಕ್ಕೆ ಹೋಗಿ, ಸೈಕಲ್ ಅನ್ನು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ಬುಕ್ ಮಾಡಿಸಿ. ವಾಪಸ್ ಬರಲು ಅಕ್ಕಿಹೆಬ್ಬಾಳಿನಲ್ಲೂ ರೈಲು ನಿಲ್ದಾಣ ಇದೆ, ಅರಸೀಕೆರೆ–ಮೈಸೂರು ಮಾರ್ಗದಲ್ಲಿ. ಸಣ್ಣ ನಿಲ್ದಾಣ, ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ, ಚಕ್ರ ಬಿಚ್ಚಿ ಚೀಲಕ್ಕೆ ಹಾಕಿ ರೆಡಿ ಇಟ್ಟುಕೊಂಡಿರಿ.

ನಿಮ್ಮ ಬೈಕಿನ ಗೇರ್ ಎಷ್ಟು ಅಂತ ಬರೆದಿಲ್ಲ. ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಇದೆಯೋ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಅಷ್ಟಾದರೂ ಇರಬೇಕು, ಇಲ್ಲದಿದ್ದರೆ ಲಗೇಜ್ ಹೊತ್ತು ದೇವಾಲದಕೆರೆ ಕಡೆಯ ಏರು ಹತ್ತುವುದು ಕಷ್ಟ. ಮಾಡೆಲ್ ಹೇಳಿ, ಯಾವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಸೆಟ್) ಕೂರುತ್ತದೆ ಅಂತ ನೋಡಿ ಹೇಳುತ್ತೇನೆ.