ಎಫ್‌ಸಿ 26ರಲ್ಲಿ ಮ್ಯಾಚ್ ನಿಜವಾದ ಫುಟ್‌ಬಾಲ್ ಅನಿಸಬೇಕಾದರೆ ಏನು ಮಾಡಬೇಕು?

ಎಫ್‌ಸಿ 26 ಎಂಬ ಫುಟ್‌ಬಾಲ್ ವಿಡಿಯೋ ಗೇಮ್‌ನ ಕರಿಯರ್ ಮೋಡ್‌ನಲ್ಲಿ (ಒಂದು ಕ್ಲಬ್ ಹಿಡಿದು ಸೀಸನ್‌ಗಟ್ಟಲೆ ಆಡುವ ಬಗೆ) ಪ್ರತಿ ಮ್ಯಾಚೂ 5-4, 6-3 ಅಂತ ಮುಗಿಯುತ್ತಿದೆ, ಚೆಂಡು ಈ ಗೋಲಿನಿಂದ ಆ ಗೋಲಿಗೆ ಓಡುತ್ತಲೇ ಇರುತ್ತದೆ, ಟಿವಿಯಲ್ಲಿ ನೋಡುವ ಆಟದ ಹಾಗೆ ಇಲ್ಲ, ಯಾವ ಸ್ಲೈಡರ್ (ವೇಗ, ತಪ್ಪು ಮುಂತಾದವನ್ನು ಹೆಚ್ಚು ಕಡಿಮೆ ಮಾಡುವ ಸೆಟಿಂಗ್) ಹಾಕಬೇಕು ಎಂದು ಕೇಳಿದ್ದೀರಿ. ಸ್ಲೈಡರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಬಲಗೈ ತೋರುಬೆರಳಿನ ಬಗ್ಗೆ ಮಾತಾಡೋಣ. ಅದು ಇಡೀ ಮ್ಯಾಚ್ ಆರ್2 ಬಟನ್ (ಪ್ಲೇಸ್ಟೇಷನ್‌ನಲ್ಲಿ ಸ್ಪ್ರಿಂಟ್, ಅಂದರೆ ಪೂರ್ತಿ ವೇಗದ ಓಟದ ಬಟನ್) ಮೇಲೇ ಇರುತ್ತದೆ ಅಲ್ವಾ?

ನಿಜವಾದ ಪಂದ್ಯದಲ್ಲಿ ಒಬ್ಬ ಮಿಡ್‌ಫೀಲ್ಡರ್ 90 ನಿಮಿಷದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಓಡಾಡುತ್ತಾನೆ. ಅದರಲ್ಲಿ ಪೂರ್ತಿ ವೇಗದ ಓಟ ಕೆಲವು ನೂರು ಮೀಟರ್ ಮಾತ್ರ. ಮಿಕ್ಕಿದ್ದೆಲ್ಲ ನಡಿಗೆ, ನಿಧಾನದ ಓಟ, ಜಾಗ ಹುಡುಕಿಕೊಂಡು ನಿಲ್ಲುವುದು. ನಾವು ಗೇಮ್‌ನಲ್ಲಿ ಇದನ್ನು ಪೂರ್ತಿ ಉಲ್ಟಾ ಮಾಡುತ್ತೇವೆ. ಚೆಂಡು ಸಿಕ್ಕ ಕೂಡಲೇ ಓಟ. ಆಗ ನಿಮ್ಮ ಜೊತೆ ಮುಂದೆ ಬರುವವರು ಇಬ್ಬರೋ ಮೂವರೋ ಅಷ್ಟೆ. ಫುಲ್‌ಬ್ಯಾಕ್ ಇನ್ನೂ ಹಿಂದೆ ಇರುತ್ತಾನೆ, ಮಿಡ್‌ಫೀಲ್ಡರ್ ಹತ್ತಿರಕ್ಕೆ ಬಂದಿರುವುದಿಲ್ಲ. ಎದುರಾಳಿಯ ಡಿಫೆನ್ಸೂ ಇನ್ನೂ ಕೂಡಿಕೊಂಡಿರುವುದಿಲ್ಲ. ಹಾಗಾಗಿ ಒಂದೋ ಗೋಲು, ಇಲ್ಲವೇ ಚೆಂಡು ಕಳೆದುಕೊಂಡು ಆ ಕಡೆಯಿಂದ ಅಂಥದ್ದೇ ದಾಳಿ. ನಿಮ್ಮ 5-4 ಹುಟ್ಟುವುದು ಇಲ್ಲಿಂದಲೇ.

ಸ್ಪ್ರಿಂಟ್ ಬಿಟ್ಟು ನೋಡಿ. ಚೆಂಡು ಕಾಲಿಗೆ ಅಂಟಿಕೊಂಡಿರುತ್ತದೆ. ಎರಡು ಪಾಸ್ ಹಿಂದಕ್ಕೆ, ಒಂದು ಪಾಸ್ ಪಕ್ಕಕ್ಕೆ ಕೊಡುವಷ್ಟರಲ್ಲಿ ಎರಡೂ ತಂಡಗಳು ತಮ್ಮ ತಮ್ಮ ಆಕಾರಕ್ಕೆ ಬರುತ್ತವೆ. ಈಗ ಎದುರಿಗೆ ಎಂಟೊಂಬತ್ತು ಜನ ಗೋಡೆಯಂತೆ ನಿಂತಿರುತ್ತಾರೆ. ಅದನ್ನು ಒಡೆಯುವ ದಾರಿ ಹುಡುಕಬೇಕು. ನನಗೆ ಫುಟ್‌ಬಾಲ್ ಅಂದರೆ ಇದೇ. ಮುಂದೆ ಖಾಲಿ ಜಾಗ ಕಂಡಾಗ, ವಿಂಗರ್ ಒಬ್ಬನನ್ನು ದಾಟಿ ಹೋಗಬೇಕಾದಾಗ ಮಾತ್ರ ಆರ್2 ಒತ್ತಿ. ಆಗ ಆ ಓಟಕ್ಕೂ ಒಂದು ಬೆಲೆ ಬರುತ್ತದೆ.

ಡಿಫೆನ್ಸ್‌ನಲ್ಲೂ ಇದೇ ಮಾತು. ಸೆಂಟರ್‌ಬ್ಯಾಕ್‌ನನ್ನು ಎಳೆದುಕೊಂಡು ಚೆಂಡಿನ ಹಿಂದೆ ಓಡಬೇಡಿ. ಅವನು ಬಿಟ್ಟುಬಂದ ಜಾಗಕ್ಕೇ ಮುಂದಿನ ಪಾಸ್ ಹೋಗುತ್ತದೆ. ಡಿಫೆನ್ಸಿವ್ ಮಿಡ್‌ಫೀಲ್ಡರ್‌ನನ್ನು ಹಿಡಿದುಕೊಳ್ಳಿ, ಎಲ್2 ಒತ್ತಿ ಎದುರಾಳಿಗೆ ಮುಖಮಾಡಿ ನಿಲ್ಲಿ, ಪಾಸ್ ಹೋಗುವ ದಾರಿಗೆ ಅಡ್ಡ ಬನ್ನಿ. ಆರ್1 ಒತ್ತಿ ಎರಡನೇ ಆಟಗಾರನನ್ನು ಚೆಂಡಿನ ಮೇಲೆ ಬಿಡುವ ಅಭ್ಯಾಸವಿದ್ದರೆ ಅದನ್ನೂ ಕಡಿಮೆ ಮಾಡಿ. ಫಿಫಾ 12ರಲ್ಲಿ ಟ್ಯಾಕ್ಟಿಕಲ್ ಡಿಫೆಂಡಿಂಗ್ ತಂದಿದ್ದೇ ಹೀಗೆ ಕಾದು ಆಡಲಿ ಎಂದು. ಆಟ ಎಫ್‌ಸಿ ಅಂತ ಹೆಸರು ಬದಲಿಸಿಕೊಂಡಿದೆ, ಆದರೆ ಆ ಪದ್ಧತಿ ಇವತ್ತಿಗೂ ಇದೆ.

ಆಮೇಲೆ ಪಾಸಿಂಗ್. ಕಂಟ್ರೋಲ್ ಸೆಟಿಂಗ್‌ನಲ್ಲಿ ಎಲ್ಲವೂ ಅಸಿಸ್ಟೆಡ್ ಇದ್ದರೆ, ನೀವು ತೋರಿಸಿದ್ದು ಸ್ವಲ್ಪ ತಪ್ಪಾದರೂ ಗೇಮ್ ಅದನ್ನು ಸರಿಮಾಡಿ ಸರಿಯಾದ ಕಾಲಿಗೆ ತಲುಪಿಸುತ್ತದೆ. ಗ್ರೌಂಡ್ ಪಾಸ್ ಮತ್ತು ಥ್ರೂ ಪಾಸ್ ಎರಡನ್ನೂ ಸೆಮಿಗೆ, ಅಂದರೆ ಗೇಮ್‌ನ ಸಹಾಯ ಕಡಿಮೆ ಇರುವ ಆಯ್ಕೆಗೆ ಹಾಕಿ. ಮೊದಮೊದಲು ಚೆಂಡು ಸುಮ್ನೆ ಹೊರಗೆ ಹೋಗುತ್ತದೆ. ಹೋಗಲಿ ಬಿಡಿ, ನಿಜವಾದ ಪಂದ್ಯದಲ್ಲೂ ಥ್ರೋ-ಇನ್ ಜಾಸ್ತಿಯೇ. ಕೈ ಪಳಗಿದ ಮೇಲೆ, 30 ಗಜದ ಒಂದು ಪಾಸ್ ಸರಿಯಾಗಿ ತಲುಪಿದರೆ ಅದು ನಿಮ್ಮದೇ ಪಾಸ್. ಆ ಖುಷಿ ಅಸಿಸ್ಟೆಡ್‌ನಲ್ಲಿ ಸಿಗುವುದಿಲ್ಲ.

ಈಗ ಸೆಟಿಂಗ್. ಎಫ್‌ಸಿ 26ರಲ್ಲಿ ಕಾಂಪಿಟಿಟಿವ್, ಅಥೆಂಟಿಕ್ ಎಂದು ಎರಡು ಬಗೆಯ ಗೇಮ್‌ಪ್ಲೇ ಇವೆ. ಕರಿಯರ್‌ಗೆ ಅಥೆಂಟಿಕ್ ಇರಲಿ, ಅದನ್ನು ಮಾಡಿರುವುದೇ ನಿಜದ ಆಟ ಬೇಕೆನ್ನುವ ನಿಮ್ಮಂಥವರಿಗೆ. ಒಂದು ಹಾಫ್‌ಗೆ 10 ನಿಮಿಷ ಇಡಿ. 4-5 ನಿಮಿಷ ಇಟ್ಟರೆ ಯಾರಿಗೂ ತಾಳ್ಮೆ ಇರುವುದಿಲ್ಲ. 20 ಇಟ್ಟರೆ ಶಾಟ್‌ಗಳ ಲೆಕ್ಕ ಕೈಮೀರುತ್ತದೆ. ಕ್ಯಾಮೆರಾ ಟೆಲಿ ಬ್ರಾಡ್‌ಕಾಸ್ಟ್‌ಗೆ ಹಾಕಿ, ಮೈದಾನ ಅಗಲವಾಗಿ ಕಾಣುವಷ್ಟು ಝೂಮ್ ಕಡಿಮೆ ಮಾಡಿ. ಆಚೆ ಬದಿಯ ವಿಂಗರ್ ಕಾಣದಿದ್ದರೆ ಅವನಿಗೆ ಪಾಸ್ ಕೊಡುವ ಯೋಚನೆಯೇ ಬರುವುದಿಲ್ಲ.

ಲೆಜೆಂಡರಿ ಎಂಬ ಕಠಿಣ ಮಟ್ಟದಲ್ಲಿ ಕಂಪ್ಯೂಟರ್ ಯಾವ ಒತ್ತಡದಲ್ಲೂ ಚೆಂಡು ಬಿಡುವುದಿಲ್ಲ. ಕೆಳಗಿನ ಡಿವಿಷನ್‌ನ ಡಿಫೆಂಡರ್ ಕೂಡ ದೊಡ್ಡ ಸ್ಟಾರ್ ಥರ ಪಾಸ್ ಮಾಡುತ್ತಾನೆ. ನನಗೆ ಅದು ನಿಜ ಅನಿಸುವುದಿಲ್ಲ. ನನ್ನ ಆಯ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವರ್ಲ್ಡ್ ಕ್ಲಾಸ್. ಸ್ಲೈಡರ್‌ಗಳು 50ರಲ್ಲಿರುತ್ತವೆ. ಪಾಸ್ ಎರರ್ (ಪಾಸ್ ತಪ್ಪುವ ಪ್ರಮಾಣ) ಅನ್ನು ನಿಮಗೂ ಕಂಪ್ಯೂಟರಿಗೂ 60ರ ಹತ್ತಿರ ತನ್ನಿ, ಕಂಪ್ಯೂಟರಿಗೆ ಒಂದೆರಡು ಜಾಸ್ತಿಯೇ ಇರಲಿ. ಶಾಟ್ ಎರರ್ ಕೂಡ ಸ್ವಲ್ಪ ಮೇಲಕ್ಕೆ. ನಿಜದಲ್ಲಿ ಸುಮಾರು ಹತ್ತು ಶಾಟ್‌ಗೆ ಒಂದು ಗೋಲು, ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಪಾಸ್ ಸ್ಪೀಡ್ ನಾಲ್ಕೈದು ಅಂಕ ಇಳಿಸಿ. ಸ್ಪ್ರಿಂಟ್ ಸ್ಪೀಡ್ ತುಂಬಾ ಇಳಿಸಬೇಡಿ, ವೇಗದ ಆಟಗಾರನಿಗೂ ನಿಧಾನದವನಿಗೂ ವ್ಯತ್ಯಾಸವೇ ಗೊತ್ತಾಗದ ಹಾಗೆ ಆಗುತ್ತದೆ. ಒಂದು ಸಲಕ್ಕೆ ಒಂದೇ ಸ್ಲೈಡರ್ ಬದಲಿಸಿ, ಕೆಲವು ಮ್ಯಾಚ್ ಆಡಿ, ಆಮೇಲೆ ಮುಂದಿನದು.

ಇಷ್ಟಾದ ಮೇಲೆ 0-0, 1-0 ಶುರುವಾಗುತ್ತವೆ. ಆಗ ಬೇಜಾರು ಮಾಡಿಕೊಂಡು ವಾಪಸ್ ಹೋಗಬೇಡಿ. ಲೆಸ್ಟರ್ ಸಿಟಿ 2015-16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಾಗ 38 ಪಂದ್ಯಗಳಲ್ಲಿ ಹೊಡೆದಿದ್ದು 68 ಗೋಲು. ಅಂದರೆ ಪಂದ್ಯಕ್ಕೆ ಎರಡೂ ಇಲ್ಲ. ಮಾರ್ಚ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ ವಾಟ್‌ಫರ್ಡ್, ನ್ಯೂಕ್ಯಾಸಲ್, ಕ್ರಿಸ್ಟಲ್ ಪ್ಯಾಲೇಸ್, ಸೌತಾಂಪ್ಟನ್ ಎದುರು ಸಾಲಾಗಿ ನಾಲ್ಕು ಪಂದ್ಯ 1-0. ನಮ್ಮ ಬೆಂಗಳೂರು ಎಫ್‌ಸಿ 2019ರಲ್ಲಿ ಐಎಸ್‌ಎಲ್ ಫೈನಲ್ ಗೆದ್ದಿದ್ದೂ ಹಾಗೆಯೇ. ಗೋವಾ ಎದುರು 90 ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಮುಗಿಯುವ ಹೊತ್ತಿಗೆ ಕಾರ್ನರ್‌ನಿಂದ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು. ಆ ಪಂದ್ಯ ನೋಡಿದವರು ಯಾರೂ ಅದನ್ನು ಸಪ್ಪೆ ಅನ್ನಲಾರರು.

ಲೆಸ್ಟರ್ ಹೆಸರು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. 2025-26ರ ಸೀಸನ್‌ನಲ್ಲಿ ಅದು ಎರಡನೇ ಡಿವಿಷನ್ ಆದ ಚಾಂಪಿಯನ್‌ಶಿಪ್‌ನಲ್ಲಿದೆ. ಹೊಸ ಕರಿಯರ್ ಶುರುಮಾಡಲು ಒಳ್ಳೆಯ ತಂಡ. ದೊಡ್ಡ ಕ್ಲಬ್ ಹಿಡಿದು ಎಂಬಪ್ಪೆಯನ್ನು ಕೊಂಡುಕೊಂಡರೆ ಯಾವ ಸ್ಲೈಡರೂ ನಿಮ್ಮನ್ನು ಉಳಿಸುವುದಿಲ್ಲ. ಒಂದು ಟ್ರಾನ್ಸ್‌ಫರ್ ವಿಂಡೋಗೆ (ಆಟಗಾರರನ್ನು ಕೊಳ್ಳುವ ಅವಧಿ) ಎರಡೋ ಮೂರೋ ಖರೀದಿ, ಅದೂ ಕೆಳಗಿನ ಲೀಗ್‌ಗಳಿಂದ, ಎಂದು ನಿಮಗೆ ನೀವೇ ನಿಯಮ ಹಾಕಿಕೊಳ್ಳಿ. ಸೋತ ಮ್ಯಾಚನ್ನು ಮತ್ತೆ ಲೋಡ್ ಮಾಡಬೇಡಿ. 2012ರಲ್ಲಿ ಲೆಸ್ಟರ್ ಜೇಮಿ ವಾರ್ಡಿಯನ್ನು ತಂದಿದ್ದು ಫ್ಲೀಟ್‌ವುಡ್ ಟೌನ್ ಎಂಬ ಸಣ್ಣ ಕ್ಲಬ್‌ನಿಂದ. ಕಾಂಟೆ ಬಂದಿದ್ದು ಫ್ರಾನ್ಸ್‌ನ ಕ್ಯಾನ್‌ನಿಂದ. ಸ್ಕೌಟ್‌ಗಳನ್ನು ಅಂಥ ಕಡೆ ಕಳಿಸಿ, ಸಿಕ್ಕ ಹುಡುಗರಿಗೆ ಒಂದು ಪೂರ್ತಿ ಸೀಸನ್ ಆಡಲು ಅವಕಾಶ ಕೊಡಿ. ನಿಮ್ಮ ಲೆವೆಲ್ ಮತ್ತು ಈಗಿನ ಪಾಸ್ ಎರರ್ ಎಷ್ಟಿದೆ ಎಂದು ಕಾಮೆಂಟ್‌ನಲ್ಲಿ ಬರೆದರೆ, ಅಂಕಗಳನ್ನು ಇನ್ನೂ ಸರಿಯಾಗಿ ಹೇಳುತ್ತೇನೆ.