ಹವಾಮಾನ ಬದಲಾದರೆ ರೈಫಲ್ ಗುಂಡಿನ ವೇಗ ಏಕೆ ಬದಲಾಗುತ್ತದೆ?

ಹೆಚ್ಚಿನ ಪಾಲು ಉಷ್ಣಾಂಶದಿಂದ. ಕಾರ್ಟ್ರಿಜ್‌ನೊಳಗಿನ (ಗುಂಡು, ಮದ್ದು ಒಟ್ಟಿಗಿರುವ ತೋಟಾ) ಸಿಡಿಮದ್ದು ಬಿಸಿಯಿದ್ದಷ್ಟೂ ಬೇಗ ಉರಿಯುತ್ತದೆ; ನಳಿಕೆಯಲ್ಲಿ ಒತ್ತಡ ಏರಿ ಗುಂಡು ಜೋರಾಗಿ ಹೊರಬೀಳುತ್ತದೆ. ಚಳಿಯಲ್ಲಿ ಇದರ ತಿರುಗುಮುರುಗು. ಸಾಧಾರಣ ಮದ್ದಿನಲ್ಲಿ 1 ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವ್ಯತ್ಯಾಸ. 35 ಡಿಗ್ರಿಯಲ್ಲಿ 800 ಮೀಟರ್ ವೇಗದ ಗುಂಡು 5 ಡಿಗ್ರಿಯಲ್ಲಿ 785ರ ಆಸುಪಾಸಿಗೆ ಇಳಿಯುತ್ತದೆ. 500 ಮೀಟರ್ ದೂರದ ಗುರಿಯಲ್ಲಿ ಅದು ಒಂದು ಅಂಗೈ ಅಗಲದಷ್ಟು ಕೆಳಗೆ ಬಡಿಯುತ್ತದೆ. ಉಷ್ಣಾಂಶಕ್ಕೆ ಅಷ್ಟಾಗಿ ಜಗ್ಗದ ಮದ್ದೂ ಸಿಗುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ಮದ್ದಿನ ಬಿಸಿ, ಹೊರಗಿನ ಗಾಳಿಯದ್ದಲ್ಲ. ಸಾಲಾಗಿ ಹಲವು ಗುಂಡು ಹಾರಿಸಿದ ಮೇಲೆ ಕಾದ ಚೇಂಬರಿನಲ್ಲಿ (ನಳಿಕೆಯ ಹಿಂತುದಿಯಲ್ಲಿ ಕಾರ್ಟ್ರಿಜ್ ಕೂರುವ ಜಾಗ) ಕಾರ್ಟ್ರಿಜ್ ಒಂದೆರಡು ನಿಮಿಷ ಕೂತರೂ ಮುಂದಿನ ಗುಂಡು ಮೇಲಕ್ಕೆ ಹೋಗಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಪೆಟ್ಟಿಗೆ ಬಿಡಲೇಬೇಡಿ: ಮೊದಲೇ ಗರಿಷ್ಠ ಮದ್ದು ತುಂಬಿದ ಕಾರ್ಟ್ರಿಜ್ ಆಗಿದ್ದರೆ ಒತ್ತಡ ಮಿತಿ ಮೀರಬಹುದು. ಬೋಲ್ಟ್ (ಚೇಂಬರನ್ನು ಮುಚ್ಚುವ ಅಗುಳಿ) ಎತ್ತಲು ಬಿಗಿಯಾದರೆ, ಪ್ರೈಮರ್ (ಕಾರ್ಟ್ರಿಜ್ ತಳದ ಕಿಡಿ ಹೊತ್ತಿಸುವ ಬಿಲ್ಲೆ) ಚಪ್ಪಟೆಯಾಗಿದ್ದರೆ ಅದು ಅತಿ ಒತ್ತಡದ ಸೂಚನೆ, ಅಲ್ಲಿಗೇ ನಿಲ್ಲಿಸಿ.

ನಳಿಕೆ ದಾಟಿದ ಮೇಲೆ ಗುಂಡನ್ನು ತಡೆಯುವುದು ಗಾಳಿಯ ಸಾಂದ್ರತೆ. 0 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.29 ಕೆ.ಜಿ., 30ರಲ್ಲಿ 1.16. ಲೇಹ್‌ನಂಥ ಎತ್ತರದಲ್ಲಿ ಗಾಳಿ ಇನ್ನೂ ತೆಳು, ಗುಂಡು ವೇಗವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ.

ತೇವದ ಬಗ್ಗೆ ತಪ್ಪು ನಂಬಿಕೆಯಿದೆ. ನೀರಾವಿ ಒಣಗಾಳಿಗಿಂತ ಹಗುರ. ತೇವ ಹೆಚ್ಚಿದರೆ ತಡೆ ತುಸು ಕಡಿಮೆಯೇ ಆಗುತ್ತದೆ, ಗಮನಕ್ಕೆ ಬಾರದಷ್ಟು. ಅಡ್ಡಗಾಳಿ ಗುಂಡನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ವೇಗವನ್ನು ಹೆಚ್ಚೇನೂ ಮುಟ್ಟುವುದಿಲ್ಲ.